ಸೂರ್ಯನ ಮುಖಕ್ಕೆ ನಾನಿಟ್ಟ ಬೊಟ್ಟು

ಪಕ್ಕದ ಮನೆಯವರು ಮೊನ್ನೆ ಒಂದು ಹಿತ್ತಾಳೆ ಡಬ್ಬಿಯಲ್ಲಿ ಹೋಳಿಗೆ ಕಳಿಸಿದರು. ನಾನು ನ್ಯಾಮತಿಗೆ ಬಂದು ಸಂಸಾರ ಹೂಡಿ ಇನ್ನೂ ಆರು ತಿಂಗಳಾಗಿಲ್ಲ. ಹೋಳಿಗೆ ಕಳಿಸುವಷ್ಟು ಒಳ್ಳೆಯವನೆಂದು ನನ್ನನ್ನು ಅವರು ಹೇಗೆ ತಿಳಿದರೋ ಗೊತ್ತಿಲ್ಲ. ಹೋಳಿಗೆ ಬಂದಷ್ಟೇ ಬೇಗ ಹೋಯಿತು. ಡಬ್ಬಿ ಉಳಿಯಿತು. ತೊಳೆದು ಕೊಟ್ಟು ಬರೋಣವೆಂದು ಹೊರಟವನನ್ನು ಹೆಂಡತಿ ಬಾಗಿಲಲ್ಲೇ ತಡೆದಳು.

"ಖಾಲಿ ಡಬ್ಬಿ ಹಿಡ್ಕಂಡು ಹೊಂಟ್ರಲ್ಲ, ನಿಮ್ಮನ್ಯಾಗೆ ಏನೂ ಕಲ್ಸಿಲ್ವೇನ್ರಿ? ತಡೀರಿ, ಒಂದು ಚೂರು ಬೆಲ್ಲನಾದ್ರೂ ಹಾಕ್ತೀನಿ."

"ಖಾಲಿ ಕೊಟ್ರೆ ಏನಾಗ್ತೈತೆ?" ಎಂದೆ.

"ಹಂಗೆಲ್ಲ ಯಾರಾದ್ರೂ ಕೇಳ್ತಾರಾ? ಕೊಡಬಾರ್ದು, ಅಷ್ಟೆ."

ಖಾಲಿ ಕೊಟ್ಟರೆ ಏನಾಗುತ್ತದೋ ನನಗೂ ಗೊತ್ತಿಲ್ಲ. ಖಾಲಿ ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು ಮಾತ್ರ ಈ ಸೀಮೆಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ.

ನಮ್ಮನೆಯಲ್ಲಿ ಕಲಿಸಿಲ್ಲವೆಂದು ಅವಳು ಅಂದದ್ದು ಸುಳ್ಳು. ಹೊನ್ನಾಳಿಯಲ್ಲಿ ನಮ್ಮವ್ವ ಕಲಿಸಿದ್ದು ಅದೊಂದನ್ನೇ. ಯಾರ ಮನೆಯ ಪಾತ್ರೆ ಬಂದರೂ ಅದರೊಳಗೆ ಒಂದು ಹಿಡಿ ಪುಟಾಣಿಯೋ ಒಂದು ನಿಂಬೆಹಣ್ಣೋ ಇಟ್ಟು ಕಳಿಸಬೇಕು. ಏಳು ವರ್ಷದವನಿದ್ದಾಗ ಹೊಳೆ ದಂಡೆಯ ಶಿವಗಂಗಜ್ಜಿಯ ಗಿಂಡಿಯಲ್ಲಿ ಕಲ್ಲುಸಕ್ಕರೆ ಇಟ್ಟು ನನ್ನ ಕೈಯಲ್ಲಿ ಕೊಟ್ಟಿದ್ದಳು. ಅಜ್ಜಿಯ ಮನೆಗೆ ನೂರು ಹೆಜ್ಜೆ. ಐವತ್ತನೆಯ ಹೆಜ್ಜೆಗೆ ಕಲ್ಲುಸಕ್ಕರೆ ನನ್ನ ಬಾಯಲ್ಲಿತ್ತು. ಖಾಲಿ ಗಿಂಡಿ ಕೊಡಬಾರದಲ್ಲ. ಹೊಳೆಗಿಳಿದು ನುಣ್ಣಗಿದ್ದ ಒಂದು ಬಿಳಿ ಕಲ್ಲನ್ನು ಆರಿಸಿ ಹಾಕಿ ಕೊಟ್ಟುಬಂದೆ. ಅಜ್ಜಿ ಅದನ್ನು ತುಂಗಭದ್ರೆ ತಾನಾಗಿ ಕಳಿಸಿದ ಲಿಂಗವೆಂದು ತಿಳಿದು ದೇವರ ಜಗುಲಿಯ ಮೇಲೆ ಇಟ್ಟುಕೊಂಡಳು. ನಾನು ಮೀಸೆ ಬಂದ ಮೇಲೆ ಹೋಗಿ ನೋಡಿದಾಗಲೂ ಅದಕ್ಕೆ ವಿಭೂತಿ, ಪತ್ರೆ ಎಲ್ಲ ಸರಿಯಾಗಿಯೇ ಸಲ್ಲುತ್ತಿದ್ದವು. ಅಜ್ಜಿಗೆ ನಾನು ಹೇಳಲೂ ಇಲ್ಲ, ಹೇಳಿದ್ದರೆ ಅವಳು ನಂಬುತ್ತಲೂ ಇರಲಿಲ್ಲ. ಒಂದು ಸುಳ್ಳಿನಿಂದ ಯಾರಿಗೂ ಕೆಡುಕಾಗಲಿಲ್ಲ ಎಂಬ ಪಾಠ ನನಗೆ ಅಷ್ಟು ಚಿಕ್ಕಂದಿನಲ್ಲೇ ಸಿಕ್ಕಿಬಿಟ್ಟಿತು. ಸಿಗದಿದ್ದರೆ ಚೆನ್ನಾಗಿತ್ತು.

ನನ್ನ ವಿದ್ಯೆಯ ಬಗ್ಗೆ ಹೆಚ್ಚು ಕೇಳಬೇಡಿ. ಚನ್ನಗಿರಿಯಲ್ಲಿ ಓದಿದೆ, ಅಲ್ಲಿಯ ಗಣಿತದ ಮೇಷ್ಟ್ರು ನನ್ನ ಉತ್ತರ ಪತ್ರಿಕೆಗಳನ್ನು ಬೇಸರವಾದಾಗ ಓದಿ ನಗುವುದಕ್ಕೆಂದು ಮನೆಗೆ ಒಯ್ಯುತ್ತಿದ್ದರಂತೆ. ಎರಡು ಸಲ ಫೇಲಾಗಿ ಮೂರನೆಯ ಸಲ ಅವರಿಗೇ ಕರುಣೆ ಬಂದು ಪಾಸಾದೆ. ಅಕ್ಷರಗಳು ಮಾತ್ರ ಮುತ್ತಿನಂತಿದ್ದವು. ಆ ಮುತ್ತುಗಳ ಬಲದಿಂದಲೇ ಇಪ್ಪತ್ತೆರಡನೆಯ ವಯಸ್ಸಿಗೆ ಜಗಳೂರಿನ ತಾಲ್ಲೂಕು ಕಚೇರಿಯಲ್ಲಿ ನಕಲು ಮಾಡುವ ಹಂಗಾಮಿ ಗುಮಾಸ್ತನಾದೆ. ಅಲ್ಲಿ ನನ್ನ ಸೋದರತ್ತೆ ಗೌರಮ್ಮನ ಮನೆ. ಆ ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದವರೇ ಪ್ರೊಫೆಸರ್ ಮುರಿಗೆಪ್ಪನವರು. ಊರಿನ ಬಾಯಲ್ಲಿ ಸೂರ್ಯನ ಮೇಷ್ಟ್ರು.

ಅವರು ಸಾಸ್ವೆಹಳ್ಳಿ ಕಡೆಯವರು. ಚಿಕ್ಕಂದಿನಲ್ಲಿ ಗ್ರಹಣದ ದಿನ ಅವರವ್ವ ಅಂಗಳದಲ್ಲಿ ಸಗಣಿ ನೀರಿನ ಬೋಗುಣಿ ಇಟ್ಟು, ಅದರಲ್ಲಿ ಸೂರ್ಯನನ್ನು ನೋಡು ಎಂದಳಂತೆ. ಹುಡುಗ ನೋಡಿದ. ತಿನ್ನುತ್ತಿದ್ದ ರೊಟ್ಟಿಯ ಹಾಗೆ ಸೂರ್ಯ ಒಂದು ಕಡೆಯಿಂದ ಕಡಿದು ಹೋಗಿದ್ದ. ಎಲ್ಲರೂ ಸ್ನಾನ ಮಾಡಿ ಒಳಗೆ ಹೋದರೂ ಇವರು ಬೋಗುಣಿ ಬಿಟ್ಟು ಏಳಲಿಲ್ಲವಂತೆ. ಏಳದೆಯೇ ಮೈಸೂರಿಗೆ ಹೋದರು, ಮದರಾಸಿಗೆ ಹೋದರು, ಅಲ್ಲಿಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಖಗೋಳ ಪಾಠ ಹೇಳಿದರು. "ಮೂವತ್ತು ವರ್ಷ ಕರೀ ಹಲಗೆ ಮ್ಯಾಲೆ ಬಿಳೀ ಸುಣ್ಣದಾಗೆ ಸೂರ್ಯನ್ನ ಬರ್ದೆ ಕಣೋ. ತಲೆಯೆತ್ತಿ ಒಂದು ವರ್ಷ ಪೂರಾ ಅವನ್ನ ನೋಡ್ಲಿಲ್ಲ" ಎನ್ನುತ್ತಿದ್ದರು. ಕಾಲೇಜಿಗೆ ಪರೀಕ್ಷೆ ಬೇಕಿತ್ತು, ಹುಡುಗರಿಗೆ ನೋಟ್ಸು ಬೇಕಿತ್ತು. ಸೂರ್ಯ ಯಾರಿಗೂ ಬೇಕಿರಲಿಲ್ಲ.

ನಿವೃತ್ತಿಯಾದ ದಿನವೇ ಅವರು ತೀರ್ಮಾನ ಮಾಡಿದ್ದು ಇದು. ಸೂರ್ಯನ ಮೈಮೇಲೆ ಕಪ್ಪು ಕಲೆಗಳಿವೆ. ಅವು ವರ್ಷ ವರ್ಷಕ್ಕೆ ಹೆಚ್ಚುತ್ತ ಹೋಗಿ, ಮತ್ತೆ ಕಡಿಮೆಯಾಗುತ್ತ ಬಂದು, ಸುಮಾರು ಹನ್ನೊಂದು ವರ್ಷಕ್ಕೆ ಮುಖ ಪೂರಾ ಶುಭ್ರವಾಗುತ್ತದೆ. ಆಮೇಲೆ ಹೊಸ ಸುತ್ತು. ಹಳೆಯ ಸುತ್ತಿನ ಕಡೆಯ ಕಲೆಗಳು ಸೂರ್ಯನ ನಡುವಿನ ಹತ್ತಿರ ಇರುತ್ತವೆ. ಹೊಸ ಸುತ್ತಿನ ಮೊದಲ ಕಲೆಗಳು ಬಹಳ ಮೇಲೆ ಹುಟ್ಟುತ್ತವೆ. ಇಂಥ ಒಂದು ಸುತ್ತನ್ನು ಒಂದು ದಿನವೂ ಬಿಡದೆ ತಮ್ಮ ಕೈಯಿಂದಲೇ ಬರೆದು ಮುಗಿಸಬೇಕು, ಹೊಸ ಸುತ್ತಿನ ಮೊದಲ ಕಲೆ ಕಂಡ ದಿನ ಪೆನ್ಸಿಲ್ಲು ಕೆಳಗಿಡಬೇಕು. ಇಷ್ಟೇ ಅವರ ಆಸೆ. ಅದಕ್ಕೇ ಹೊಳೆ ದಂಡೆಯ ಸ್ವಂತ ಊರು ಬಿಟ್ಟು, ಒಂದು ದೂರದರ್ಶಕದ ಕೊಳವೆ ಹೊತ್ತು, ಮೋಡ ದಾರಿ ತಪ್ಪಿದಾಗ ಮಾತ್ರ ಬರುವ ಜಗಳೂರನ್ನು ಹುಡುಕಿಕೊಂಡು ಬಂದಿದ್ದರು. "ನಮ್ಮೂರಿಗೆ ಬಿಸಿಲಿಗೋಸ್ಕರ ಬಂದೋರು ಇವ್ರೊಬ್ರೇ ನೋಡು" ಎಂದು ಅತ್ತೆ ಎಲ್ಲರಿಗೂ ಹೇಳುತ್ತಿದ್ದಳು. ಅದರಲ್ಲಿ ಹೆಮ್ಮೆಯಿತ್ತೋ ಅನುಮಾನವಿತ್ತೋ ನನಗೆ ತಿಳಿಯಲಿಲ್ಲ.

ಊರಿಗೆ ಮಾತ್ರ ಅನುಮಾನವೇ. ಬಿಳಿಚೋಡಿನ ಕಡೆಯಿಂದ ಒಬ್ಬ ಕುರಿಗಾರ ಮುದುಕ ಬಂದು ಮಾಳಿಗೆ ಮೆಟ್ಟಿಲ ಮೇಲೆ ಕೂತಿದ್ದು ನೆನಪಿದೆ.

"ಸ್ವಾಮೇರೆ, ಆ ಕೊಳವೀನ ಒಂದೆಂಟು ದಿನ ಮುಚ್ಚಿಡ್ರಿ. ನೀವು ದಿನಾ ಹಂಗೆ ದಿಟ್ಟಿಸಿ ನೋಡಿದ್ರೆ ಮೋಡ ಹೆಂಗೆ ಬರ್ತಾವೆ? ನಾಚ್ಕಂಡು ಹೊಳ್ಳಿ ಹೋಗ್ತಾವೆ."

"ನಾನು ಮುಚ್ಚಿದ್ರೆ ಮಳೆ ಬರ್ತೈತೇನಪ್ಪ?"

"ಬಂದ್ರೂ ಬರಬೋದು. ಮುಚ್ಚಾಕೆ ನಿಮ್ಗೇನು ಕಷ್ಟ?"

ಮೇಷ್ಟ್ರು ಆ ಮುದುಕನನ್ನು ಒಂದು ಗಂಟೆ ಹೊತ್ತು ಕೂರಿಸಿಕೊಂಡರು. ಯಾವ ನಕ್ಷತ್ರಕ್ಕೆ ಯಾವ ಮಳೆ, ಭರಣಿ ಸುರಿದರೆ ಏನು, ಆರಿದ್ರ ಕೈಕೊಟ್ಟರೆ ಏನು ಎಂದು ಕೇಳಿ ಕೇಳಿ ಬರೆದುಕೊಂಡರು. "ಈತ ಓದಿಲ್ಲ. ಆದ್ರೆ ಇವತ್ತು ಸೂರ್ಯ ಯಾವ ನಕ್ಷತ್ರದಾಗೆ ಅದಾನೆ ಅಂತ ನನ್ನ ಎಂ.ಎ. ಹುಡುಗ್ರಿಗಿಂತ ಚೆನ್ನಾಗಿ ಬಲ್ಲ" ಎಂದು ನನಗೆ ಹೇಳಿದರು. ಮಾರನೆಯ ದಿನದಿಂದ ಬೆಳಿಗ್ಗೆಯ ಕೆಲಸ ಮುಗಿದ ಕೂಡಲೇ ಕೊಳವೆಗೆ ಊರಿಗೆಲ್ಲ ಕಾಣುವಂತೆ ಕಂಬಳಿ ಹೊದಿಸಿದರು. ಆ ವಾರ ಮಳೆ ಬಂತು. ಮೇಷ್ಟ್ರ ಮಾನ ಉಳಿಯಿತು.

ಅವರ ಕೆಲಸದ ಕ್ರಮ ಹೀಗಿತ್ತು. ಬೆಳಿಗ್ಗೆ ಎಂಟೂವರೆಗೆ ಕೊಳವೆಯನ್ನು ಸೂರ್ಯನ ಕಡೆ ತಿರುಗಿಸಿ, ಅದರ ಬುಡದಿಂದ ಹೊರಬರುವ ಬೆಳಕನ್ನು ಒಂದು ಹಲಗೆಗೆ ಹಚ್ಚಿದ ಕಾಗದದ ಮೇಲೆ ಬೀಳಿಸುವುದು. ಕಾಗದದಲ್ಲಿ ಮೊದಲೇ ಒಂದು ವೃತ್ತ ಬರೆದಿರುತ್ತದೆ. ಸೂರ್ಯ ಅದರೊಳಗೆ ಬಂದು ಕೂರುತ್ತಾನೆ. ಕಲೆ ಎಲ್ಲಿ ಕಂಡರೆ ಅಲ್ಲಿ ಪೆನ್ಸಿಲ್ಲಿನಿಂದ ಗುರುತು. ಕೆಳಗೆ ತಾರೀಕು, ಹೊತ್ತು. ಯುದ್ಧಕ್ಕಾಗಿ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದ ಕಾಲ ಅದು. ಊರೆಲ್ಲ ಹಳೇ ಟೈಮು, ಹೊಸ ಟೈಮು ಎಂದು ಒದ್ದಾಡುತ್ತಿದ್ದಾಗ ಮೇಷ್ಟ್ರು, "ಸೂರ್ಯನಿಗೆ ಇನ್ನೂ ಆರ್ಡರ್ ಬಂದಿಲ್ಲ" ಎಂದು ಹಳೆಯದನ್ನೇ ಬರೆಯುತ್ತಿದ್ದರು. ಹಾಳೆಗಳನ್ನು ವರ್ಷಕ್ಕೊಂದು ಪುಸ್ತಕವಾಗಿ ಹೊಲಿದಿಡುತ್ತಿದ್ದರು. ಹತ್ತು ಪುಸ್ತಕ ಮುಗಿದು ಹನ್ನೊಂದನೆಯದು ನಡೆಯುತ್ತಿತ್ತು.

ಅಷ್ಟರಲ್ಲಿ ಅವರ ಕಣ್ಣಿಗೆ ಪೊರೆ ಬಂತು. ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಲೇಬೇಕೆಂದು ಡಾಕ್ಟರು ಹೇಳಿದರು. ಮೂರು ವಾರ ಬೇಕಿತ್ತು. ಹೊರಡುವ ಹಿಂದಿನ ಸಂಜೆ ನನ್ನನ್ನು ಕರೆದು ಕೂರಿಸಿಕೊಂಡರು.

"ಹಾಲೇಶಾ, ನಿನ್ನ ಕೈ ಶುದ್ಧ ಐತೆ. ಈ ಮೂರು ವಾರ ನೀನು ಬರಿಬೇಕು. ಯಾಕೆ ಮುಖ್ಯ ಅಂತ ಹೇಳ್ತೀನಿ, ಕೇಳು."

ಅವರು ಹೇಳಿದರು. ಅತ್ತೆ ಅದೇ ಹೊತ್ತಿಗೆ ಮಂಡಕ್ಕಿಯ ಜೊತೆಗೆ ಮೆಣಸಿನಕಾಯಿ ಬಜ್ಜಿ ಕರಿದು ತಂದಿಟ್ಟಳು. ಮೇಷ್ಟ್ರು ಹನ್ನೊಂದು ವರ್ಷದ ಸುತ್ತಿನ ಬಗ್ಗೆ, ಮುಖ ಶುಭ್ರವಾಗುವ ಕಾಲದ ಬಗ್ಗೆ, ಎತ್ತರದ ಕಲೆಗಳ ಬಗ್ಗೆ ವಿವರಿಸಿದರು. ನಾನು ಬಜ್ಜಿಗಳನ್ನು ಎಣಿಸುತ್ತಿದ್ದೆ. ಮೇಲೆ ನಿಮಗೆ ಗಿಳಿಯ ಹಾಗೆ ಒಪ್ಪಿಸಿದೆನಲ್ಲ, ಅದನ್ನೆಲ್ಲ ತಿಳಿದದ್ದು ಆಮೇಲೆ, ತಿಳಿದು ಪ್ರಯೋಜನವಿಲ್ಲದಾಗ. ಆ ಸಂಜೆ ನನ್ನ ಕಿವಿಗೆ ಬಿದ್ದದ್ದು ಕಡೆಯ ಮಾತು ಮಾತ್ರ: "ಕಂಡದ್ದು ಬರಿ. ಕಾಣದಿದ್ರೆ ಕಾಣಲಿಲ್ಲ ಅಂತ ಬರಿ."

"ಆತ್ರಿ ಮೇಷ್ಟ್ರೆ" ಎಂದೆ, ಬಾಯಿ ತುಂಬಿಕೊಂಡು.

ಶಿವರಾತ್ರಿ ಕಳೆದಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು. ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು ಮೇಷ್ಟ್ರನ್ನು ಹತ್ತಿಸಿಕೊಂಡು ದಾವಣಗೆರೆಯ ಕಡೆ ಕೆಮ್ಮುತ್ತ ಹೋಯಿತು. ಮಾರನೆಯ ಬೆಳಿಗ್ಗೆ ನಾನು ಖಗೋಳಶಾಸ್ತ್ರಜ್ಞನಾದೆ. ಕೊಳವೆ ತಿರುಗಿಸಿದೆ, ಸೂರ್ಯ ವೃತ್ತದೊಳಗೆ ಬಂದ. ಮುಖದಲ್ಲಿ ಏನೂ ಇಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ಗಾಜು ಕೊಳಕಾಗಿರಬೇಕೆಂದು ಪಂಚೆಯ ಚುಂಗಿನಿಂದ ಒರೆಸಿದೆ. ಒಂದು ಕಲೆ ಕಂಡಿತು. ಕುಣಿಯುವಷ್ಟು ಸಂತೋಷವಾಯಿತು. ಕೊಳವೆ ಅಲ್ಲಾಡಿಸಿದರೆ ಕಲೆಯೂ ಅಲ್ಲಾಡಿತು. ಅದು ನನ್ನ ಪಂಚೆಗೆ ಅಂಟಿದ್ದ ಬಜ್ಜಿಯ ಎಣ್ಣೆ. ನಾಲ್ಕು, ಐದು, ಖಾಲಿ.

ಐದು ಹಾಳೆಗಳನ್ನು ಸಾಲಾಗಿ ಹರಡಿಕೊಂಡು ಕೂತೆ. ಐದು ಬರಿಯ ಬಳೆಗಳು. ಬೊಟ್ಟಿಲ್ಲದ ಹಣೆಗಳ ಹಾಗೆ ನನ್ನನ್ನೇ ನೋಡುತ್ತಿದ್ದವು. ಅತ್ತೆ ರೊಟ್ಟಿ ತಟ್ಟುವ ಕೈಯನ್ನು ಒರೆಸಿಕೊಳ್ಳುತ್ತ ಬಂದು ಇಣುಕಿ ನೋಡಿದಳು.

"ಏನೋ ಇದು, ಬರೇ ಸೊನ್ನೆ ಹಾಕಿದ್ದೀಯ?"

"ಏನೂ ಕಾಣವಲ್ದು ಅತ್ತೆ."

"ಅವ್ರು ಇದ್ದಾಗ ಕಾಣ್ತಿತ್ತಲ್ಲ. ಪಾಪ, ನಂಬಿ ಕೊಟ್ಟು ಹೋಗ್ಯಾರೆ. ಬಂದ ಮ್ಯಾಲೆ ಖಾಲಿ ಪುಸ್ತಕ ಹೆಂಗೆ ಕೈಗಿಡ್ತೀಯೋ?"

ಅತ್ತೆ ರೊಟ್ಟಿಯ ಕಡೆ ಹೋದಳು. ಆ ಮಾತು ಹೋಗಲಿಲ್ಲ. ನಮ್ಮ ಮನೆತನದಲ್ಲಿ ಗಿಂಡಿ ಖಾಲಿ ಕೊಟ್ಟವರಿಲ್ಲ. ಆರನೆಯ ದಿನ ಪೆನ್ಸಿಲ್ಲು ಚೂಪು ಮಾಡಿ ಎರಡು ಪುಟ್ಟ ಕಲೆಗಳನ್ನು ಇಟ್ಟೆ. ಹಳೆಯ ಹಾಳೆಗಳಲ್ಲಿ ಕಲೆಗಳೆಲ್ಲ ನಡುವಿನಲ್ಲೇ ಗುಂಪಾಗಿದ್ದವು. ನನಗೋ ಸ್ವಂತ ಪ್ರತಿಭೆ ತೋರಿಸುವ ಚಪಲ. ಯಾರೂ ಇಡದ ಜಾಗದಲ್ಲಿ, ಬಹಳ ಮೇಲೆ, ಇಟ್ಟೆ. ನಕಲು ಮಾಡುವವನ ಬುದ್ಧಿ ಬಿಡಬೇಕಲ್ಲ: ಹಳೆಯ ಹಾಳೆ ತೆಗೆದು, ಕಲೆ ದಿನಕ್ಕೆ ಎಷ್ಟು ಸರಿಯುತ್ತದೆ, ಯಾವ ಕಡೆಗೆ ಸರಿಯುತ್ತದೆ ಎಂದು ಅಳೆದು ನೋಡಿ, ದಿನವೂ ಅಷ್ಟಷ್ಟೇ ಸರಿಸುತ್ತ ಹೋದೆ. ಎಂಟು ದಿನಕ್ಕೆ ನನ್ನ ಜೋಡಿ ಕಲೆಗಳು ಅಂಚು ಮುಟ್ಟಿ, ಮರ್ಯಾದೆಯಿಂದ ಮುಳುಗಿದವು. ಜೀವಮಾನದಲ್ಲಿ ನಾನು ಗಣಿತವನ್ನು ಸರಿಯಾಗಿ ಮಾಡಿದ್ದು ಅದೊಂದೇ ಸಲ. ಆಮೇಲೆ ಬೇಸರ ಬಂತು. ಗಿಂಡಿಯಲ್ಲಿ ಬೆಲ್ಲ ಇಟ್ಟಾಗಿದೆ, ಇನ್ನೇನು? ಉಳಿದ ಎಂಟು ದಿನ ಕೊಳವೆಯ ಕಂಬಳಿಯನ್ನೂ ತೆಗೆಯಲಿಲ್ಲ. ಕೂತಲ್ಲೇ ವೃತ್ತ ಬರೆದು 'ಕಾಣಲಿಲ್ಲ' ಎಂದು ಬರೆದೆ. ಅದು ನಿಜವೇ ಅಲ್ಲವೇ, ನೋಡದಿದ್ದರೆ ಕಾಣುವುದೆಲ್ಲಿಂದ?

ಮೇಷ್ಟ್ರು ಕಣ್ಣಿನ ಮೇಲೆ ಹಸಿರು ಬಟ್ಟೆಯ ಮರೆ ಕಟ್ಟಿಕೊಂಡು ಬಂದರು. ಕನ್ನಡಕ ಬರುವುದಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು. ಅಲ್ಲಿಯವರೆಗೆ ಅವರಿಗೆ ಬೆಳಕು ನೆರಳು ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ಬಸ್ಸಿನಿಂದ ಇಳಿದವರು ಮುಖ ತೊಳೆಯಲಿಲ್ಲ, ನೀರು ಕುಡಿಯಲಿಲ್ಲ.

"ಓದೋ ಹಾಲೇಶಾ. ಒಂದೊಂದೇ ದಿನ ಓದು."

"ಮೊದಲ ಐದು ದಿನ ಖಾಲಿ ರೀ."

"ಪೂರಾ ಖಾಲಿನಾ?" ಎಂದರು. ದನಿಯಲ್ಲಿ ಬೇಸರವಿರಲಿಲ್ಲ, ಸಡಗರವಿತ್ತು. ನಾನು ಹಾಳೆ ತಿರುವಿದೆ.

"ಆರನೇ ದಿನ ಎರಡು ಕಲೆ."

"ಎಲ್ಲಿ?"

"ಮ್ಯಾಲಕ್ಕೆ ರೀ. ಬಾಳ ಮ್ಯಾಲಕ್ಕೆ."

ಅವರು ಕೈ ಚಾಚಿದರು. ಬೆರಳನ್ನು ಹಾಳೆಯ ಮೇಲೆ ಇಡಿಸಿದೆ. ನಾನು ಪೆನ್ಸಿಲ್ಲನ್ನು ಒತ್ತಿ ಬರೆಯುವವನು. ಕಾಗದ ಅಲ್ಲಿ ತಗ್ಗಾಗಿತ್ತು. ಆ ತಗ್ಗನ್ನು ಅವರು ಬೆರಳ ತುದಿಯಿಂದ ಸವರಿದರು, ಕೂಸಿನ ಕೆನ್ನೆ ಸವರುವ ಹಾಗೆ. ಆಮೇಲೆ ಮಾರನೆಯ ದಿನದ ಹಾಳೆ, ಅದರ ಮಾರನೆಯ ದಿನದ್ದು. ಎಂಟೂ ಹಾಳೆ ಮುಗಿದ ಮೇಲೆ ಹಿಂದಕ್ಕೆ ಗೋಡೆಗೆ ಒರಗಿ ಕೂತರು.

"ಮುಗೀತು ಕಣೋ. ಹೊಸ ಸುತ್ತು ಶುರುವಾತು. ನಾನಿಲ್ಲದಾಗ ಬಂದ, ಕಳ್ಳ. ಆದ್ರೆ ಪುಸ್ತಕದಾಗೆ ಬಂದಾನೆ. ಅಷ್ಟು ಸಾಕು."

ಆಗ ಅತ್ತೆ ಶಾವಿಗೆ ಪಾಯಸ ಮಾಡಿದಳು. ಮೇಷ್ಟ್ರು ಬೀದಿಯ ಮನೆಮನೆಗೂ ಸಕ್ಕರೆ ಹಂಚಿಸಿದರು. ಯುದ್ಧದ ಕಾಲದಲ್ಲಿ ಅಷ್ಟು ಸಕ್ಕರೆ ಎಲ್ಲಿಂದ ತಂದರೋ. ಯಾಕೆಂದು ಕೇಳಿದವರಿಗೆ ಅತ್ತೆ, "ಸೂರ್ಯನಿಗೆ ಏನೋ ಒಳ್ಳೇದಾತಂತೆ" ಎಂದಳು. ನಾನು ಎರಡು ಲೋಟ ಪಾಯಸ ಕುಡಿದೆ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಪಾಯಸವೇ ಒಳಗೆ ಹೋಯಿತು.

ಮೇಷ್ಟ್ರಿಗೆ ಒಬ್ಬ ಹಳೆಯ ಸ್ನೇಹಿತರಿದ್ದರು, ದೂರದ ಬೆಟ್ಟದ ಮೇಲಿನ ಒಂದು ವೀಕ್ಷಣಾಲಯದಲ್ಲಿ. ಹನ್ನೊಂದು ಪುಸ್ತಕಗಳನ್ನೂ ತಮ್ಮಲ್ಲಿಗೆ ತೆಗೆದುಕೊಳ್ಳುವುದಾಗಿ ಅವರು ಮೊದಲೇ ಒಪ್ಪಿದ್ದರು. ಹೊಸ ಸುತ್ತಿನ ಸುದ್ದಿಯ ಕಾಗದವನ್ನು, ಮೂರು ವಾರದ ದಿನದಿನದ ಲೆಕ್ಕದ ಸಮೇತ, ಮೇಷ್ಟ್ರು ಇಂಗ್ಲಿಷಿನಲ್ಲಿ ಒಂದೊಂದು ಪದವನ್ನೂ ಬಿಡಿಸಿ ಹೇಳಿದರು, ನಾನು ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಅಂಚೆ ಡಬ್ಬಿಯವರೆಗೂ ನಾನೇ ಹೋದೆ. ಅದರ ಮುಂದೆ ಎಷ್ಟು ಹೊತ್ತು ನಿಂತೆನೆಂದರೆ, ಡಬ್ಬಿಗೆ ಬಣ್ಣ ಹೊಡೆಯಲು ಬಂದವನೇ ಎಂದು ಯಾರೋ ಕೇಳಿದರು. ಶಿವಗಂಗಜ್ಜಿಯ ಬಿಳಿ ಕಲ್ಲು ನೆನಪಾಯಿತು. ಯಾರಿಗೆ ಏನು ಕೆಟ್ಟಿತು? ಕಾಗದ ಹಾಕಿಬಿಟ್ಟೆ.

ಮೂರು ವಾರಕ್ಕೆ ಉತ್ತರ ಬಂತು. ಓದುವವನೂ ನಾನೇ. ಮೇಷ್ಟ್ರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಶುಭ್ರವಾದ ಅಂಗಿ ತೊಟ್ಟು ಕೂತಿದ್ದರು. ನನ್ನ ಚನ್ನಗಿರಿಯ ಇಂಗ್ಲಿಷಿನಲ್ಲಿ ಓದತೊಡಗಿದೆ. ಕುಶಲ ಪ್ರಶ್ನೆ ಮುಗಿಯಿತು. ಮುಂದಿನ ಸಾಲು ಅರ್ಥವಾದ ಕೂಡಲೇ ನನ್ನ ದನಿ ನಿಂತಿತು.

"ಮುಂದಕ್ಕೆ ಓದು."

ಓದಿದೆ. ನೀವು ಹೇಳಿದ ಎಂಟು ದಿನವೂ ನಮ್ಮಲ್ಲಿ ಆಕಾಶ ನಿರ್ಮಲವಾಗಿತ್ತು. ನಮ್ಮ ಫೋಟೋಗಳಲ್ಲಿ ಸೂರ್ಯನ ಮುಖ ಪೂರ್ತಿ ಶುಭ್ರವಾಗಿದೆ. ಎತ್ತರದ ಮೊದಲ ಕಲೆ ಕಂಡದ್ದು ಆಮೇಲೆ, ನೀವು 'ಕಾಣಲಿಲ್ಲ' ಎಂದು ಬರೆದಿರುವ ದಿನಗಳಲ್ಲಿ. ಮೂರು ದಿನ ಇತ್ತು, ನಿಮ್ಮ ಕೊಳವೆಗೂ ಚೆನ್ನಾಗಿ ಕಾಣುವಷ್ಟು ದೊಡ್ಡದು. ವಯಸ್ಸಾಯಿತು, ನಮ್ಮೆಲ್ಲರ ಕಣ್ಣೂ ಸೋಲುತ್ತಿವೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಪುಸ್ತಕಗಳ ವಿಚಾರವನ್ನು ನಿಧಾನವಾಗಿ ಯೋಚಿಸೋಣ.

ಅಷ್ಟು ಒಳ್ಳೆಯ ಮಾತುಗಳಲ್ಲಿ ಒಬ್ಬ ಮನುಷ್ಯನ ಹನ್ನೊಂದು ವರ್ಷವನ್ನು ಪಕ್ಕಕ್ಕೆ ಇಟ್ಟದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಹೇಳಿದೆ. ಎಲ್ಲ ಹೇಳಿದೆ: ಕಲೆ ಇಟ್ಟದ್ದು, ಸರಿಸಿದ್ದು, ಕಂಬಳಿ ತೆಗೆಯದೆ ಬರೆದದ್ದು. ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗನ್ನು ಬಾಯಿಗೆ ಹಿಡಿದಳು. ಮೇಷ್ಟ್ರು ಕೂಗಾಡುತ್ತಾರೆಂದು ಕಾದೆ. ಹೊಡೆದಿದ್ದರೂ ಒಳ್ಳೆಯದಿತ್ತು.

"ಯಾಕೋ ಹಂಗೆ ಮಾಡ್ದೆ?"

"ಖಾಲಿ ಪುಸ್ತಕ ನಿಮ್ಮ ಕೈಗೆ ಕೊಡಬಾರ್ದು ಅಂತ ರೀ."

 ಅವರು ಮೆಲ್ಲಗೆ, "ಆ ಖಾಲಿ ನೋಡಾಕೆ ಅಂತಲೇ ಹನ್ನೊಂದು ವರ್ಷ ಕೂತಿದ್ನಲ್ಲೋ" ಎಂದರು.

ಅದೇ ದಿನ ಉತ್ತರ ಬರೆಸಿದರು. ಆ ಮೂರು ವಾರದ ಹಾಳೆಗಳನ್ನು ತೆಗೆದುಹಾಕಬೇಕು, ತಪ್ಪು ತಮ್ಮದೇ, ಎಂದು ಹೇಳಿದರು. ನಾನು ಪೆನ್ನು ನಿಲ್ಲಿಸಿದೆ.

"ನನ್ನ ಹೆಸರು ಬರಿಯಾಕೆ ಹೇಳ್ರಿ ಮೇಷ್ಟ್ರೆ. ಮಾಡಿದವನು ನಾನು."

"ಪುಸ್ತಕದ ಮ್ಯಾಲೆ ಯಾರ ಹೆಸರೈತೆ?"

"ನಿಮ್ದು."

"ಮತ್ತೆ? ಹೇಳಿದ್ದು ಬರಿ."

ಬರೆದೆ. ಅವರ ಕೈ ಹಿಡಿದು ಸಹಿ ಮಾಡುವ ಜಾಗ ತೋರಿಸಿದೆ. ಪುಸ್ತಕಗಳು ಬೆಟ್ಟಕ್ಕೆ ಹೋಗಲೇ ಇಲ್ಲ. ಕಳಿಸಿ ಎಂದು ಅವರೂ ಮತ್ತೆ ಬರೆಯಲಿಲ್ಲ, ಕಳಿಸಲೇ ಎಂದು ಇವರೂ ಕೇಳಲಿಲ್ಲ.

ಕನ್ನಡಕ ಬಂದರೂ ಸಣ್ಣ ಕಲೆಗಳು ಕಾಣುವಷ್ಟು ಕಣ್ಣು ಮರಳಲಿಲ್ಲ. ಇನ್ನೊಂದು ಸುತ್ತು ಮುಗಿಯುವಷ್ಟು ಆಯುಸ್ಸು ತಮಗಿಲ್ಲವೆಂದು ಅತ್ತೆಯ ಹತ್ತಿರ ಹೇಳಿದರಂತೆ. ಆದರೂ ಹನ್ನೆರಡನೆಯ ಪುಸ್ತಕ ಹೊಲಿದರು. ನನ್ನನ್ನು ಬಿಟ್ಟು ಬೇರೆ ಯಾರನ್ನಾದರೂ ಕರೆಯುತ್ತಾರೆಂದುಕೊಂಡಿದ್ದೆ, ನನ್ನನ್ನೇ ಕರೆದರು. ಅವರು ತೀರಿಕೊಳ್ಳುವವರೆಗೂ ಒಂದೂವರೆ ವರ್ಷ, ಪ್ರತಿ ಬೆಳಿಗ್ಗೆ ಎಂಟೂವರೆಗೆ ನಾನು ಹಲಗೆಯ ಮುಂದೆ, ಅವರು ಪಕ್ಕದಲ್ಲಿ ಚಾಪೆಯ ಮೇಲೆ. ಆ ಒಂದೂವರೆ ವರ್ಷದಲ್ಲಿ ನಾನು ಒಂದೇ ಒಂದು ಸುಳ್ಳು ಕಲೆ ಇಡಲಿಲ್ಲ, ಒಂದು ನಿಜವಾದ ಕಲೆಯನ್ನೂ ಬಿಡಲಿಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ, ನಗಬೇಡಿ.

"ಏನು ಕಾಣ್ತೈತೆ?" ಎಂದು ಕೇಳುತ್ತಿದ್ದರು.

"ಎರಡು ಕಲೆ ರೀ. ಎಡಕ್ಕೊಂದು, ಮ್ಯಾಲೊಂದು."

ಮೇಷ್ಟ್ರು ಬಹಳ ಸಭ್ಯರು. ನನ್ನ ಮನಸ್ಸಿಗೆ ನೋವಾಗಬಾರದೆಂದು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತಿದ್ದರು. ಕೆಮ್ಮುತ್ತಿದ್ದರು, ಶಾಲು ಸರಿಪಡಿಸಿಕೊಳ್ಳುತ್ತಿದ್ದರು. ಆಮೇಲೆ, ಒಂದು ದಿನವೂ ತಪ್ಪದೆ, ಮೆತ್ತಗಿನ ದನಿಯಲ್ಲಿ ಇನ್ನೊಂದು ಸಲ ಕೇಳುತ್ತಿದ್ದರು.

"ಹೌದೇನೋ?"